ರಸ್ತೆಯ ಈಚೆ ಬದಿಯ ಕೋಡ್

ಲಂಡನ್ನಿಗೆಲ್ಲ ಒಂದೇ ಆಗಿದ್ದ 01 ಎಂಬ ಫೋನ್ ಕೋಡ್ ಒಡೆದು ಒಳ ಊರಿಗೆ 071, ಹೊರವಲಯಕ್ಕೆ 081 ಆದಂದಿನಿಂದ ಮಿಸ್ ಹೆಸ್ಟರ್ ಪ್ಲಂಬ್ ಅವರಿಗೆ ಗಡೀಪಾರಾದಷ್ಟೇ ದುಃಖ. ಗಡಿ ಅವರ ಬೀದಿಯ ನಡುವೆಯೇ ಹಾದು, ಅವರ ಮನೆ 081ರ ಪಾಲಾಗಿ, ಎದುರುಮನೆಯ ತಂಗಿ ಎನಿಡ್ 071ರ ಕುಲೀನೆಯಾಗಿಬಿಟ್ಟರು. ಹಾಲಿನವನು ನಂಬರ್ ಕೇಳಿದರೂ ಹೆಸ್ಟರ್, "ನಾವು ಮೂಲತಃ 01ನವರಪ್ಪಾ" ಎಂದು ವಂಶಾವಳಿ ಬಿಚ್ಚುವರು. ತಂಗಿಯೊಡನೆ ಮಾತಾಡಲು 071 ಒತ್ತುವ ಅವಮಾನ ಬೇಡವೆಂದು ದಿನಾ ಸಂಜೆ ಚಪ್ಪಲಿ ಎಳೆದುಕೊಂಡು ರಸ್ತೆ ದಾಟುವರು. "ಈ ಚಳೀಲಿ ಯಾಕಕ್ಕಾ ಬಂದೆ? ಫೋನ್ ಮಾಡ್ಬಾರ್ದಿತ್ತಾ?" "ಆ ನಂಬರ್ ಮುಟ್ಟಿದ್ರೆ ನನ್ನ ಬೆರಳು ಕೊಳೆಯಾಗತ್ತೆ ಕಣೇ!" ಬೀದಿಗೆ ಬೀದಿಯೇ ನಗುತ್ತದೆ. ಎನಿಡ್‌ಗೆ ಕಿವಿ ಮಂದವಾಗಿ, ಫೋನಿನಲ್ಲಿ ಏನೂ ಕೇಳಿಸದೆ ಸುಮ್ಮನೆ ಹೂಂಗುಟ್ಟುತ್ತಿದ್ದುದು ಹೆಸ್ಟರ್ ಒಬ್ಬರಿಗೇ ಗೊತ್ತು. ಅದಕ್ಕೇ ಅವರು ದೀಪದ ಕೆಳಗೆ ಕೂತು, ತುಟಿಯ ಚಲನೆ ತಂಗಿಗೆ ಚೆನ್ನಾಗಿ ಕಾಣುವಂತೆ, ನಿಧಾನವಾಗಿ ಬಿಡಿಸಿ ಬಿಡಿಸಿ 071ನ್ನು ಬೈಯುವರು.