ಅಪ್ಪ ತೋರಿಸಲು ಹೋದ ಕೌಜುಗ

ನಾನು ಚಿಕ್ಕವನಿದ್ದಾಗ, ಯುಗಾದಿಯ ಹಿಂದಿನ ಅಮಾವಾಸ್ಯೆಯ ದಿನ, ಬೆಳಿಗ್ಗೆ ಸರಿಯಾಗಿ ಏಳೂವರೆಗೆ ಅಪ್ಪ ಒಂದು ಬೆಂಕಿಕಡ್ಡಿ ಗೀರಿದ. ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಅದೇ ಕ್ಷಣಕ್ಕೆ ಕೆಳಗಿನ ಕಾರ್ಖಾನೆಯ ಭೋಂಗಾ ಕೂಗಿತು. ಪಾಳಿ ಬದಲಾಗುವಾಗ ಮೊಳಗುವ ಸೈರನ್ನಿಗೆ ಠಾಣೆ ಶಹರದಲ್ಲಿ ಎಲ್ಲರೂ ಭೋಂಗಾ ಎನ್ನುತ್ತಿದ್ದರು. ಆ ಕಡ್ಡಿಯನ್ನು ನಾನು ಮನಸ್ಸಿನಲ್ಲಿ ಇವತ್ತಿಗೂ ಊದಿ ಆರಿಸುತ್ತಿರುತ್ತೇನೆ.

ಆಗ ನಾವು ವರ್ತಕ ನಗರದ ಅಂಚಿನಲ್ಲಿ, ಗುಡ್ಡದ ಬುಡದ ತಗಡಿನ ಶೆಡ್ಡಿನಲ್ಲಿದ್ದೆವು. ವಿಜಯಪುರದ ಕಡೆಯಿಂದ ಬಂದಿದ್ದ ಅಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ನಮ್ಮ ಕಡೆಯವರು ಅಮಾವಾಸ್ಯೆಗೆ ಗಾರೆ ಮುಟ್ಟುತ್ತಿರಲಿಲ್ಲ. ಹಾಗಾಗಿ ತಿಂಗಳಿಗೆ ಒಂದು ದಿನ ಅಪ್ಪ ಪೂರ್ತಿ ನಮಗೇ ಸಿಗುತ್ತಿದ್ದ. ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೆರಡು. ಇಬ್ಬರಿಗೂ ಮಧ್ಯಾಹ್ನದ ಪಾಳಿಯ ಶಾಲೆ.

ದಿನವೂ ಬೆಳಕು ಹರಿಯುವಾಗ ಗುಡ್ಡದಿಂದ ಒಂದು ಕೂಗು ಕೇಳುತ್ತಿತ್ತು. ಮೊದಲು ಗಂಟಲು ಸರಿಮಾಡಿಕೊಂಡಂತೆ ಮೆಲ್ಲಗೆ ಕಟ್ ಕಟ್, ಆಮೇಲೆ ಜೋರಾಗಿ ತೀ-ತೀತರ್, ತೀ-ತೀತರ್. ಒಂದು ಮುಗಿಸುವುದರೊಳಗೆ ಎದುರಿನ ಪೊದೆಯಿಂದ ಇನ್ನೊಂದು ಶುರುಮಾಡುತ್ತಿತ್ತು. ಅದು ಕಾಡುಕೋಳಿ ಎಂದು ಅಕ್ಕ, ಲಾವಕ್ಕಿ ಎಂದು ನಾನು. ಅಂದು ಅಪ್ಪ ರೊಟ್ಟಿ ಮುರಿಯುತ್ತ ನಮ್ಮ ಜಗಳ ಕೇಳಿ ನಕ್ಕ.

"ಎರಡೂ ಅಲ್ಲ. ನಮ್ಮೂರ ಕೌಜುಗ ಅದು. ನಮಗಿಂತ ಮೊದಲ ಬಂದು ಜಾಗಾ ಹಿಡದೈತಿ. ನಡೀರಿ, ತೋರಸ್ತೀನಿ."

ಪುಸ್ತಕದಲ್ಲಿ ಗೌಜಲಕ್ಕಿ ಎಂದು ಬರೆಯುವುದು ಇದನ್ನೇ. ಗುಡ್ಡ ಹತ್ತುತ್ತ ಅಪ್ಪ ಅದರ ಗುರುತು ಹೇಳಿದ. ಲಾವಕ್ಕಿ ಒಂದು ಮುಷ್ಟಿಯಲ್ಲಿ ಅಡಗುತ್ತದೆ, ಕೌಜುಗ ಅರ್ಧ ಕೋಳಿಯಷ್ಟಿರುತ್ತದೆ. ಬಾಲ ಮೋಟು. ಒಣಹುಲ್ಲಿನ ಬಣ್ಣದ ಮೈ ತುಂಬ ಸೂಜಿಯಿಂದ ಗೀಚಿದಂಥ ಸಣ್ಣ ಗೆರೆಗಳು, ಗಂಟಲ ಸುತ್ತ ಕಪ್ಪು ದಾರ ಕಟ್ಟಿದಂಥ ಅಂಚು. ಹಾರುವಾಗ ಮಾತ್ರ ಬಾಲದ ಕೆಂಪು ಕಾಣುತ್ತದೆ. ದಾರಿಯಲ್ಲಿ ಒಂದು ಕಡೆ ಬಟ್ಟಲಿನಂಥ ಸಣ್ಣ ತಗ್ಗಿತ್ತು. ನುಣ್ಣನೆಯ ಧೂಳಿನಲ್ಲಿ ಮೂರು ಬೆರಳಿನ ಹೆಜ್ಜೆಗಳು, ಒಂದು ಪುಟ್ಟ ಗರಿ. ಅಲ್ಲಿ ಹೊರಳಾಡಿ ಹಕ್ಕಿ ಮೈ ಸ್ವಚ್ಛ ಮಾಡಿಕೊಳ್ಳುತ್ತದಂತೆ. ಧೂಳಿಗೆ ಬೆರಳಿಟ್ಟೆ, ತಣ್ಣಗಿತ್ತು.

"ದಟ್ಟ ಅಡವಿ ಇದಕ್ಕ ಬ್ಯಾಡ," ಎಂದ ಅಪ್ಪ. "ಅಡಗಾಕ ಮುಳ್ಳುಕಂಟಿ ಬೇಕು, ಓಡಾಕ ಬಯಲು ಬೇಕು. ಹಾರೂದು ಕೊನೀಗೆ. ಹಾರಿದ್ರೂ ದೂರ ಹೋಗಂಗಿಲ್ಲ. ನೆಲ ಕಾಣೂ ಕಡೆ ಇಳದು ಮತ್ತ ಓಡತೈತಿ."

ಕೂಗು ಒಂದು ದೊಡ್ಡ ಹುಲ್ಲಿನ ಮೆಳೆಯಿಂದ ಬರುತ್ತಿತ್ತು. ನಾವು ಹತ್ತಿರ ಹೋದಂತೆ ನಿಂತುಹೋಯಿತು. ಚಪ್ಪಾಳೆ ತಟ್ಟಿದೆವು, ಕಲ್ಲೆಸೆದೆವು. ಒಳಗೆ ಒಂದು ಎಲೆಯೂ ಅಲುಗಲಿಲ್ಲ. ಮೇಲಿನಿಂದ ಕಂಡೀತೆಂದು ಅಕ್ಕ ಹುಲ್ಲು ಸೀಳಿಕೊಂಡು ಹತ್ತಿ, ದೂರದ ಬಂಡೆಯ ಮೇಲೆ ನಿಂತಳು. ಅವಳ ಕೆಂಪು ಲಂಗ ಮಾತ್ರ ಕಾಣುತ್ತಿತ್ತು. ಅಪ್ಪನಿಗೆ ಹಕ್ಕಿ ತೋರಿಸದೆ ಇಳಿಯುವುದು ಅವಮಾನ. ಅವನ ಊರಿನಲ್ಲಿ ಇದಕ್ಕೊಂದು ಉಪಾಯವಿತ್ತು. ಎರೆಹೊಲದ ಬದುವಿನಲ್ಲಿ ಪಾದ ಮುಚ್ಚುವಷ್ಟೇ ಹುಲ್ಲು. ಒಂದು ಗಿಡ್ಡ ಮೆಳೆಗೆ ಬೆಂಕಿ ತಾಗಿಸಿದರೆ ಹಕ್ಕಿ ಏಳುತ್ತಿತ್ತು, ಬೆಂಕಿ ಬಿರುಕುಬಿಟ್ಟ ಕಪ್ಪುನೆಲ ಮುಟ್ಟಿ ತಾನೇ ಸಾಯುತ್ತಿತ್ತು. ಅವನ ಅಂಗಿ ನನ್ನ ಹೆಗಲ ಮೇಲಿತ್ತು. ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದುಕೊಟ್ಟವನು ನಾನೇ.

ಆದರೆ ಇದು ಎರೆಹೊಲವಾಗಿರಲಿಲ್ಲ. ನಾಲ್ಕು ತಿಂಗಳು ಮಳೆ ಕುಡಿದು ಆಳೆತ್ತರ ಬೆಳೆದು, ಆಮೇಲೆ ಐದು ತಿಂಗಳು ಒಣಗಿದ ಕೊಂಕಣದ ಹುಲ್ಲು. ಅದು ಉರಿಯಲಿಲ್ಲ, ಸಿಡಿಯಿತು. ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಮೆಳೆಯಿಂದ ನಾಲ್ಕೈದು ಹಕ್ಕಿ ಭರ್ರನೆ ಎದ್ದವು. "ನೋಡು" ಎನ್ನಲು ಬಾಯಿ ತೆರೆದ ಅಪ್ಪ ಹಾಗೆಯೇ ನಿಂತುಬಿಟ್ಟ. ಬೆಂಕಿ ಬಂಡೆಯ ಕಡೆಗೆ ಓಡುತ್ತಿತ್ತು. ಕೆಂಪು ಲಂಗ ಹೊಗೆಯಲ್ಲಿ ಮರೆಯಾಯಿತು.

"ಸುಟ್ಟ ನೆಲದ ಮ್ಯಾಲ ನಿಲ್ಲು ನೀ. ಅಲ್ಲಿಂದ ಅಲಗಬ್ಯಾಡ," ಎಂದು ನನಗೆ ಹೇಳಿ, ಅಂಗಿಯನ್ನು ಮುಖಕ್ಕೆ ಸುತ್ತಿಕೊಂಡು ಅಪ್ಪ ಹೊಗೆಯೊಳಗೆ ಹೋದ. ಚಪ್ಪಲಿ ಒಂದು ನನ್ನ ಎದುರಿಗೇ ಉಳಿಯಿತು. ಬಿಸಿ ಬೂದಿ ಪಾದ ಸುಡುತ್ತಿತ್ತು, ಕಾಲು ಬದಲಿಸುತ್ತ ನಿಂತೆ. ಅಷ್ಟು ಹೊತ್ತೂ ನೋಡಿದ್ದು ಆ ಚಪ್ಪಲಿಯನ್ನೇ.

ಶೆಡ್ಡಿನವರು ಹಸಿ ಟೊಂಗೆ ಹಿಡಿದು ಓಡಿಬರುವಷ್ಟರಲ್ಲಿ ಬೆಂಕಿ ಮೇಲಿನ ಕಲ್ಲುಸಾಲು ಮುಟ್ಟಿ ಆರತೊಡಗಿತ್ತು. ಆಗ ಹೊಗೆಯಿಂದ ಇಬ್ಬರು ಇಳಿದು ಬಂದರು. ಅಪ್ಪ ಕುಂಟುತ್ತಿದ್ದ, ಅಂಗೈಗಳು ಬೆಂದಿದ್ದವು. ಅಕ್ಕ ನಡೆದೇ ಬರುತ್ತಿದ್ದಳು. ಜಡೆಯ ತುದಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಹಾರಿದ ಹಕ್ಕಿಗಳು ಅವಳ ಪಕ್ಕದಲ್ಲೇ ಹಾದು, ಮುರಂ ತೆಗೆದ ಗುಂಡಿಯ ಕಡೆ ಇಳಿದಿದ್ದವು. ಲಾರಿಯವರು ಕೆಂಪುಮಣ್ಣು ಅಗೆದ ಆ ಗುಂಡಿಯಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ. ನೆಲ ಕಾಣುವ ಕಡೆ ಇಳಿಯುತ್ತದೆಂದು ಅಪ್ಪ ಹೇಳಿದ್ದು ನೆನಪಾಗಿ ಅವಳೂ ಅಲ್ಲಿಗೇ ಓಡಿ, ಮಣ್ಣಿಗೆ ಮುಖ ಒತ್ತಿ ಮಲಗಿದ್ದಳು. ಬೆಂಕಿ ಗುಂಡಿಯ ಎರಡೂ ಬದಿಯಿಂದ ದಾಟಿಹೋಗಿತ್ತು.

"ಕಾಡುಕೋಳಿ ಅಲ್ಲಪ್ಪ," ಎಂದಳು. "ಕೌಜುಗನ ಖರೆ. ಬಾಲ ಕೆಂಪೈತಿ."

ಅಪ್ಪ ನಗಲಿಲ್ಲ. ಬೂದಿಯ ಮೇಲೆ ಕುಳಿತುಬಿಟ್ಟ.

ಮರುದಿನ ಬಟ್ಟೆ ಸುತ್ತಿದ ಕೈಗಳಲ್ಲೇ ಅಪ್ಪ ನನ್ನನ್ನು ಕರೆದುಕೊಂಡು ಮತ್ತೆ ಹತ್ತಿದ. ಸುಟ್ಟ ಮುಳ್ಳುಕಂಟಿಯ ಬುಡದಲ್ಲಿ ನೆಲ ಕೆದಕಿ ಮಾಡಿದ ಗೂಡಿತ್ತು, ಅದರಲ್ಲಿ ಕಪ್ಪಾದ ಆರು ಮೊಟ್ಟೆ. ಅಪ್ಪ ಅವುಗಳ ಮೇಲೆ ಮಣ್ಣು ಮುಚ್ಚಿದ. ಅಂದಿನಿಂದ ಅವನಿಗೆ ಪೂರ್ತಿ ನಿದ್ದೆ ಇಲ್ಲವಾಯಿತು. ಮತ್ತೆ ಮತ್ತೆ ಎದ್ದು ನಮ್ಮಿಬ್ಬರ ಪಾದ ಮುಟ್ಟಿ ನೋಡುತ್ತಾನೆಂದು ಅವ್ವ ಹೇಳುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ, ಅವನ ಕೈ ತಾಗಿದಾಗಲೆಲ್ಲ ನಾನೂ ಎಚ್ಚರವಿರುತ್ತಿದ್ದೆ.

ಈಗ ಆ ಗುಡ್ಡದ ಬುಡದ ತುಂಬ ಕಟ್ಟಡಗಳು. ನಾವು ಸಾನಪಾಡಾದಲ್ಲಿ ಒಂಬತ್ತನೇ ಮಹಡಿಯಲ್ಲಿದ್ದೇವೆ. ಕಳೆದ ವಾರ ರೈಲು ಹಳಿಯಾಚೆಯ ಖಾಲಿ ಜಾಗದಿಂದ ಅದೇ ಕೂಗು ಬಂದಾಗ, ಮೊಮ್ಮಕ್ಕಳೇ, ನೀವು ಬಾಲ್ಕನಿಯಿಂದ ಆ ದನಿಯತ್ತ ಮೊಬೈಲು ಹಿಡಿದಿರಿ. "ಅಜ್ಜಾ, ತೀತರ್ ಹೈ," ಎಂದು ನಿಮ್ಮಲ್ಲೊಬ್ಬಳು ಪರದೆ ನೋಡಿ ಕೌಜುಗದ ಹಿಂದಿ ಹೆಸರು ಹೇಳಿದಳು. ಗುಡ್ಡ ಹತ್ತಲಿಲ್ಲ, ಜಗಳವಾಡಲಿಲ್ಲ, ಕಡ್ಡಿ ಗೀರಲಿಲ್ಲ. ಒಳ್ಳೆಯದೇ ಆಯಿತು. ನಮಗೆ ಒಂದು ಹೆಸರು ತಿಳಿಯಲು ಇಡೀ ಗುಡ್ಡ ಸುಟ್ಟುಹೋಯಿತು. ಆದರೂ ಆ ಜಾಗದ ಹುಲ್ಲು ಯಾರಾದರೂ ಸುಡಲು ಬಂದರೆ ಓಡಿಬಂದು ನನಗೆ ಹೇಳಿ. ಹೆಸರು ಮೊಬೈಲಿನಲ್ಲಿ ಉಳಿಯುತ್ತದೆ, ಹಕ್ಕಿ ಹುಲ್ಲಿನಲ್ಲಿ ಮಾತ್ರ.

ನೀವು ಒಳಗೆ ಹೋದ ಮೇಲೂ ನಾನೇಕೆ ಬಾಲ್ಕನಿಯಲ್ಲೇ ನಿಂತಿದ್ದೆ ಗೊತ್ತೇ? ಎರಡನೆಯ ಕೂಗಿಗೆ ಕಾಯುತ್ತಿದ್ದೆ. ಬೆಂಕಿ ಬಿದ್ದ ಆ ವರ್ಷ ಮಳೆ ಮುಗಿದು, ಗುಡ್ಡ ಮತ್ತೆ ಹಸಿರಾಗಿ, ಒಂದು ಸಂಜೆ ಮುರಂ ಗುಂಡಿಯ ಕಡೆಯಿಂದ ಇದೇ ಕೂಗು ಬಂದಿತ್ತು. ಅಪ್ಪ ರೊಟ್ಟಿ ಕೆಳಗಿಟ್ಟು ಕಿವಿಗೊಟ್ಟ. ಎದುರಿನ ಕಡೆಯಿಂದ ಇನ್ನೊಂದು ಉತ್ತರ ಕೊಡುವವರೆಗೂ ಹಾಗೇ ಕುಳಿತಿದ್ದ. ಅಂದು ರಾತ್ರಿ ನಮ್ಮ ಪಾದಗಳನ್ನು ಯಾರೂ ಮುಟ್ಟಲಿಲ್ಲ. ಬೆಳಿಗ್ಗೆ ಏಳೂವರೆಗೆ ಭೋಂಗಾ ಕೂಗಿದಾಗಲೂ ಅಪ್ಪ ಗೊರಕೆ ಹೊಡೆಯುತ್ತ ಮಲಗಿಯೇ ಇದ್ದ.