ಜೊತೆಗೆ ಬ್ರೆಡ್ ತಿನ್ನುವವಳು

"ಅತ್ತೆ, ನಿಮ್ಮ ಕಂಪ್ಯಾನಿಯನ್ ಬಂದ್ರು!" ಎಂದು ಮನೆಯೊಡತಿಯ ತಮ್ಮನ ಮಗಳು ಒಳಗೆ ಕೂಗಿ ಹೇಳಿದಳು. ಹೊಸ್ತಿಲಲ್ಲಿ ನಿಂತಿದ್ದ ವಿಧವೆಗೆ ಆ ಹೆಸರು ಹೊಸದು. ವಯಸ್ಸಾದವರಿಗೆ ಉಣಿಸಿ ಮಲಗಿಸುವ ಕೆಲಸ ಎಂದಷ್ಟೇ ತಿಳಿದು ಬಂದಿದ್ದಳು. "ತೂಕ ಇನ್ನೂ ಇಳಿದ್ರೆ ವೃದ್ಧಾಶ್ರಮಕ್ಕೆ ಸೇರಿಸ್ಬೇಕು. ನೀವು ತಿನ್ನಿಸಿದ್ರೆ ಮನೇಲೇ ಉಳೀತಾರೆ" ಎಂದು ಹುಡುಗಿ ದನಿ ತಗ್ಗಿಸಿ ಹೇಳಿದಳು.

ಕಿಟಕಿಯ ಪಕ್ಕ ಕುಳಿತಿದ್ದವರು ಆಯಸ್ಸೆಲ್ಲ ನಿಘಂಟು ಅಚ್ಚಾಗುವ ಪ್ರೆಸ್ಸಿನಲ್ಲಿ ತಪ್ಪು ತಿದ್ದಿದವರು. ಎಲ್ಲರ ಬಾಯಲ್ಲೂ ಪ್ರೂಫಮ್ಮ. ಈಗ ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದು, ನಾಲಿಗೆ ಮಾತ್ರ ಹರಿತ.

"ಓದು ಬರುತ್ತಾ?"

"ಕೂಡಿಸಿ ಕೂಡಿಸಿ ಓದ್ತೀನಿ, ಅಮ್ಮಾವ್ರೆ."

"ಸಾಕು. ಲ್ಯಾಟಿನ್‌ನಲ್ಲಿ ಕಂ ಅಂದ್ರೆ ಜೊತೆ, ಪಾನಿಸ್ ಅಂದ್ರೆ ಬ್ರೆಡ್ಡು. ಜೊತೆಗೆ ಕೂತು ಬ್ರೆಡ್ ತಿನ್ನೋರೇ ಕಂಪ್ಯಾನಿಯನ್. ಈಗ ಗೆಳೆಯನಿಗೂ ಅದೇ, ಸಾಕಿದ ನಾಯಿಗೂ ಅದೇ. ಕಂಪನಿ ಅನ್ನೋದೂ ಅದೇ ಹೊಟ್ಟೇಲಿ ಹುಟ್ಟಿದ್ದು. ನಮ್ಮ ಕಂಪನಿಯೋನು ಒಂದು ಬನ್ನೂ ಕೊಡ್ಲಿಲ್ಲ, ಬಿಡು! ತಟ್ಟೆ ತಗೊಂಡು ಎದುರು ಕೂರು."

ಗಂಡ ಹೋದಮೇಲೆ ವಿಧವೆಗೆ ಅನ್ನಕ್ಕೂ ಹತ್ತಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ನಿಂತೇ ಎರಡು ತುತ್ತು ನುಂಗಿ ಮುಗಿಸುತ್ತಿದ್ದಳು. ಇನ್ನೊಬ್ಬರೆದುರು ಕುಳಿತು ಉಣ್ಣುವುದು ಅವಳಿಂದಾಗದು. ಹಾಗಾಗಿ ಖಾಲಿ ತಟ್ಟೆ ಇಟ್ಟುಕೊಂಡು ಚಮಚ ಆಡಿಸಿದಳು. ಆ ಸದ್ದಿಗೆ ಪ್ರೂಫಮ್ಮ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, "ನೀನೊಂದು, ನಾನೊಂದು" ಎನ್ನುತ್ತ ಮಗುವಿನ ಹಾಗೆ ತಿಂದರು. ತೂಕ ಏರಿತು. ತಮ್ಮನ ಮಗಳ ಮುಖ ಅರಳಿತು.

ಒಂದು ಬೆಳಿಗ್ಗೆ ಪ್ರೂಫಮ್ಮ ತಮ್ಮ ಪಾಲಿನಲ್ಲಿ ಅರ್ಧ ಮುರಿದು ಅವಳ ತಟ್ಟೆಗೆ ಹಾಕಲು ಕೈ ಚಾಚಿದರು. ಬೆರಳು ಸ್ಟೀಲಿನ ಮೇಲೆಲ್ಲ ತಡಕಾಡಿತು.

"ಇದೇನೇ, ತೊಳೆದಿಟ್ಟ ಹಾಗಿದೆ?"

"ಆಮೇಲೆ ತಿಂತೀನಿ, ಅಮ್ಮಾವ್ರೆ."

"ಹಾಗಾದ್ರೆ ಇಷ್ಟು ದಿನವೂ ನಾನೊಬ್ಳೇ ತಿಂದೆ."

ಅಂದು ಮುಚ್ಚಿದ ಪ್ರೂಫಮ್ಮನ ಬಾಯಿ ತುತ್ತಿಗೆ ಮತ್ತೆ ಸರಿಯಾಗಿ ತೆರೆಯಲಿಲ್ಲ. ವಿಧವೆ ನಿಜವಾಗಿಯೂ ಬಡಿಸಿಕೊಂಡು ಎದುರು ಕುಳಿತಳು. ಪ್ರೂಫಮ್ಮನ ಕೈ ಹಿಡಿದು ತನ್ನ ತಟ್ಟೆ ಮುಟ್ಟಿಸಿದಳು, ಅಗಿದಳು, ನುಂಗಿದಳು. ಅವರು, "ತಿನ್ನಮ್ಮ, ನಿಂಗೂ ಹೊಟ್ಟೆ ಇದೆ" ಎಂದು ಮುಖ ತಿರುಗಿಸಿದರು. ತೂಕ ಏರಿದ ದಾರಿಯಲ್ಲೇ ಇಳಿಯಿತು.

ವೃದ್ಧಾಶ್ರಮದ ಕಾರು ಬಂದಾಗ ವಿಧವೆ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಸೆರಗು ಬಾಗಿಲಿಗೆ ಸಿಕ್ಕದಂತೆ ಒಳಗೆ ತಳ್ಳಿದಳು. ಅವಳಿಗೆ ಅಳು ಬರಲಿಲ್ಲ. ತಮ್ಮನ ಮಗಳು ಮುಂದೆ ಹತ್ತಿದಳು. ಪ್ರೂಫಮ್ಮ ಕಿಟಕಿಯಿಂದ ಕೈ ಹೊರಚಾಚಿ ವಿಧವೆಯ ಮಣಿಕಟ್ಟು ಹಿಡಿದರು.

"ಅಲ್ಲಿ ಊಟಕ್ಕೆ ನನ್ನೆದುರು ಯಾರನ್ನ ಕೂರಿಸ್ತಾರೆ?"