ಕಂಪೈಲರ್‌ನೊಳಗೆ ಉಳಿದ ನನ್ನ ಹೆಸರು

ಕೋವಿಡ್ ಕಳೆದು ಕಚೇರಿಗಳೆಲ್ಲ ಮೊದಲಿನಂತೆ ತೆರೆದ ಎರಡನೇ ವರ್ಷ. ನಾನಾಗ ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿದ್ದ ಒಂದು ಸಣ್ಣ ಆಟೊಮೇಷನ್ ಕಂಪನಿಯಲ್ಲಿ ಸೀನಿಯರ್ ಎಂಜಿನಿಯರ್ ಆಗಿದ್ದೆ. ಕಾರ್ಖಾನೆಗಳ ಪಂಪು, ಮೋಟಾರುಗಳ ಮೇಲೆ ಕಣ್ಣಿಡುವ ಪುಟ್ಟ ಕಂಟ್ರೋಲರ್ ಪೆಟ್ಟಿಗೆಗಳಿಗೆ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕೆಲಸ. ಕೊಪ್ಪಳದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ ಹಮಾಲಿಯ ಮಗ ನಾನು. ಡಿಪ್ಲೊಮಾ ಮುಗಿಸಿ, ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ನಲವತ್ತರ ಹೊತ್ತಿಗೆ ಬಿ.ಇ. ಪಾಸಾದವನು. ಅದೇ ಊರಿನ ಗಾಜುವಾಕದ ನನ್ನ ಬಾಡಿಗೆ ಮನೆಯ ಬಾಗಿಲಿಗೆ ‘ಹನುಮಂತಪ್ಪ, ಬಿ.ಇ.’ ಎಂಬ ಹಿತ್ತಾಳೆ ಬೋರ್ಡು ಹಾಕಿಸಿದ್ದೆ. ನೋಡಿದವರು ನಗುತ್ತಿದ್ದರು. ನಾನು ತೆಗೆಯಲಿಲ್ಲ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಆ ಎರಡು ಅಕ್ಷರ ಬರೆಸಿಕೊಂಡವನು ನಾನೊಬ್ಬನೇ.

ಆ ಬೋರ್ಡು ನೋಡಿ ನಗದವರೆಂದರೆ ಶಿವಪ್ಪನವರು. ಅವರೂ ಕೊಪ್ಪಳದ ಕಡೆಯವರು. ಗಾಜುವಾಕದ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದರು. ಹೆಂಡತಿ ತೆಲುಗಿನವರು, ಒಬ್ಬಳೇ ಮಗಳು ಶೈಲಜ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ ಒಲೆ ಬಿಟ್ಟು ಓಡಿಬಂದು ಪರಿಚಯ ಮಾಡಿಕೊಂಡಿದ್ದರು. ಊರಿನಿಂದ ಬರುವಾಗ ನಾನು ತರುತ್ತಿದ್ದ ಕನ್ನಡ ವಾರಪತ್ರಿಕೆಗಳನ್ನು ಓದಿ ಮುಗಿಸಿ ಅವರ ಕೌಂಟರಿನ ಮೇಲಿಡುತ್ತಿದ್ದೆ. ಅವರು ಬಿಡುವಾದಾಗ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು.

ಶೈಲಜ ಬಿ.ಟೆಕ್. ಮುಗಿಸಿದಾಗ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ನಿಂತು ಬೋರ್ಡನ್ನು ಒಮ್ಮೆ ಕೈಯಿಂದ ಸವರಿದರು.

“ನಮ್ಮ ಮನ್ಯಾಗ ಹತ್ತನೇ ಕ್ಲಾಸ್ ದಾಟಿದಾಕಿ ಇಕಿನ ಮೊದಲು ನೋಡ್ರಿ ಸರ. ನಿಮ್ಮ ಕೈಯಾಗ ಕೊಟ್ಟೀನಿ. ಬೈರಿ, ಬುದ್ಧಿ ಹೇಳ್ರಿ, ಒಟ್ಟ ಕೆಲಸ ಕಲಸ್ರಿ,” ಎಂದರು. ಮಗಳ ಕಡೆ ತಿರುಗಿ, “ಇವರು ನಿನಗ ಕಾಕಾ ಆಗಬೇಕು, ತಿಳೀತಿಲ್ಲೊ?” ಎಂದರು.

ನಮ್ಮ ಕಂಪನಿಯಲ್ಲಿ ಅವಳಿಗೆ ಕಾಂಟ್ರ್ಯಾಕ್ಟ್ ಕೆಲಸ ಸಿಕ್ಕಿತು. ನಾಲ್ಕು ಜನರೆದುರು ನನ್ನನ್ನು ‘ಸರ್’ ಎನ್ನುತ್ತಿದ್ದಳು; ಇಬ್ಬರೇ ಇದ್ದಾಗ ‘ಕಾಕಾ’. ಅಪ್ಪನಿಂದ ಕಿವಿಯಲ್ಲಷ್ಟೇ ಕಲಿತ ಕನ್ನಡ ಅವಳದು, ನಡುವೆ ತೆಲುಗು ನುಸುಳುತ್ತಿತ್ತು; ‘ಅಲ್ಲವೇ’ ಎನ್ನಲು ‘ಕದಾ’ ಎನ್ನುತ್ತಿದ್ದಳು. ಕನ್ನಡ ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ.

ಆ ವರ್ಷ ವಿಜಯವಾಡದ ಪಕ್ಕದ ಕೊಂಡಪಲ್ಲಿ ಬಳಿಯ ಒಂದು ಕಾರ್ಖಾನೆಯ ಕೆಲಸ ಬಂತು. ಅವರ ಪಂಪ್‌ಹೌಸಿನ ಹಳೆಯ ಕಂಟ್ರೋಲರ್‌ಗಳನ್ನು ತೆಗೆದು ಹೊಸವನ್ನು ಕೂರಿಸಬೇಕು. ಪ್ರೊಸೆಸರ್ ಹಳೆಯದೇ, ಆಪರೇಟಿಂಗ್ ಸಿಸ್ಟಮ್ ಮಾತ್ರ ಹೊಸ ಆವೃತ್ತಿ. ಈ ಕೆಲಸ ಸರಿಯಾಗಿ ಮುಗಿದರೆ ಶೈಲಜಳನ್ನು ಪರ್ಮನೆಂಟ್ ಮಾಡುವುದಾಗಿ ನಮ್ಮ ಮ್ಯಾನೇಜರ್ ಮೂರ್ತಿ ಗಾರು, ಅಂದರೆ ಮೂರ್ತಿಯವರು, ಮಾತು ಕೊಟ್ಟಿದ್ದರು. ಶಿವಪ್ಪನವರು ಅದಾಗಲೇ ಕ್ಯಾಂಟೀನಿಗೆಲ್ಲ ಸುದ್ದಿ ಹಂಚಿಬಿಟ್ಟಿದ್ದರು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು. ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರಿಗೆ ಕಂಪೈಲರ್ ಎನ್ನುತ್ತಾರೆ. ಕಂಟ್ರೋಲರ್ ಪೆಟ್ಟಿಗೆ ತೀರ ಚಿಕ್ಕದು, ಕಂಪೈಲರ್ ಅದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ನಮ್ಮ ಕಚೇರಿಯ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿ ಅಲ್ಲಿಗೆ ಒಯ್ಯುತ್ತೇವೆ. ಇಂಥ ಕಂಪೈಲರನ್ನು ಕಟ್ಟುವಾಗ ಅದಕ್ಕೆ ಮೊದಲೇ ತಿಳಿಸಬೇಕು: ನೀನು ಸಿದ್ಧಪಡಿಸುವ ಪ್ರೋಗ್ರಾಂ ಯಾವ ಪ್ರೊಸೆಸರ್ ಮೇಲೆ, ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಓಡಬೇಕು ಎಂದು. ಇದು ಟಾರ್ಗೆಟ್. ಆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಯಾವುದರ ಅಳತೆ ಎಷ್ಟು ಎಂದು ಹೇಳುವ ಫೈಲುಗಳ ಒಂದು ಪ್ರತಿಯನ್ನೂ ತಂದು ಕೊಡಬೇಕು. ಅದಕ್ಕೆ ಸಿಸ್‌ರೂಟ್ ಎಂದು ಹೆಸರು. ಕಂಪೈಲರ್ ಎಂದೂ ಪಂಪ್‌ಹೌಸನ್ನು ನೋಡುವುದಿಲ್ಲ. ಸಿಸ್‌ರೂಟ್ ಹೇಳಿದ್ದನ್ನು ನಂಬುತ್ತದೆ, ಅಷ್ಟೆ.

ಹೊಸ ಆವೃತ್ತಿಯ ಸಿಸ್‌ರೂಟ್ ನಮ್ಮ ಕೈಸೇರಲು ಎಂಟು ದಿನ ತಡವಿತ್ತು. ನನಗೆ ತಾಳ್ಮೆ ಇರಲಿಲ್ಲ. ಹಳೆಯ ಸಿಸ್‌ರೂಟನ್ನೇ ತೋರಿಸಿ ನನ್ನ ಲಾಗಿನ್‌ನಲ್ಲಿ ಕಂಪೈಲರ್ ಕಟ್ಟಿದೆ. ಒಂದೂ ಎರರ್ ಬರಲಿಲ್ಲ.

ಶೈಲಜ ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂದು ತಿಳಿಸುವ ರಿಲೀಸ್ ನೋಟ್ಸ್ ಕೈಯಲ್ಲಿ ಹಿಡಿದು ಬಂದಳು.

“ಕಾಕಾ, ಹೊಸಾದ್ರಾಗ ಟೈಮಿಗೆ ಎಂಟು ಬೈಟ್ ಮಾಡ್ಯಾರಂತ. ನಮ್ಮ ಕಂಪೈಲರ್ ಇನ್ನೂ ನಾಕು ಅಂತ ತಿಳ್ಕೊಂಡೈತಿ ಕದಾ?”

“ಪ್ರೊಸೆಸರ್ ಅದ ಐತಿಲ್ಲವಾ?”

“ಅದ ಐತ್ರಿ. ಆದ್ರ ಓಎಸ್...”

“ಹದಿನೆಂಟು ವರ್ಷದಿಂದ ಇದನ್ನ ಮಾಡಾಕತ್ತೀನಿ ತಂಗಿ. ನೀ ಬಿಲ್ಡ್ ಹೊಡಿ.”

ಅವಳು ಬಿಲ್ಡ್ ಮಾಡಿದಳು. ಅಂದರೆ ನಾನು ಕಟ್ಟಿದ ಕಂಪೈಲರಿಗೆ ಪ್ರೋಗ್ರಾಮನ್ನು ಕೊಟ್ಟು, ಬಂದ ಫಲವನ್ನು ಪೆಟ್ಟಿಗೆಗೆ ತುಂಬಿದಳು. ಡೆಲಿವರಿ ಶೀಟಿನಲ್ಲಿ ‘ಬಿಲ್ಡ್ ಮಾಡಿದವರು’ ಎಂಬಲ್ಲಿ ಅವಳ ಸಹಿ ಬಿತ್ತು.

ಪ್ರೋಗ್ರಾಂ ಎರಡು ರೀತಿಯಲ್ಲಿ ಅಲಾರಂ ಹೊಡೆಯಬೇಕು. ಪಂಪಿನ ಬೇರಿಂಗಿನ ಬಿಸಿ ಒಮ್ಮೆಲೇ ಜಿಗಿದರೆ ತಕ್ಷಣ. ನಿಧಾನವಾಗಿ ಏರಿ ಎಂಬತ್ತು ಡಿಗ್ರಿಯ ಮೇಲೆ ಮೂವತ್ತು ಸೆಕೆಂಡು ನಿಂತರೆ ಆಗಲೂ. ನಾನು ಸೆನ್ಸರನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷೆ ಮಾಡಿದೆ. ಅಲಾರಂ ಕಿರುಚಿಕೊಂಡಿತು.

“ತಣ್ಣೀರಾಗ ಇಟ್ಟು ನಿಧಾನ ಕಾಸಿ ನೋಡೂಣೇನ್ರಿ ಕಾಕಾ? ಚಾ ಕಾಸೋ ಹೀಟರ್ ಐತಿ,” ಎಂದಳು.

“ಸಾಕು ಬಿಡವಾ, ನೀರು ಕಾಯೋ ತನಕ ಯಾರು ಕೂಡೋದು,” ಎಂದೆ.

ಆ ಹತ್ತು ನಿಮಿಷ ನಾನು ಕೂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಕಂಟ್ರೋಲರ್ ಕೂರಿಸಿ ಹನ್ನೊಂದನೇ ದಿನ ಬೆಳಿಗ್ಗೆ ಕೊಂಡಪಲ್ಲಿಯಿಂದ ಫೋನ್ ಬಂತು. ಬೇರಿಂಗ್ ನಿಧಾನವಾಗಿ ಕಾದು ಕಚ್ಚಿಕೊಂಡು, ಪಂಪಿನ ಶಾಫ್ಟ್ ಮುರಿದಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅಲಾರಂ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಶೈಲಜ ಆ ದಿನವೇ ಲ್ಯಾಬಿನಲ್ಲಿ ಹೀಟರ್ ಹಚ್ಚಿ ಕೂತಳು. ನೀರು ಎಂಬತ್ತು ದಾಟಿತು, ತೊಂಬತ್ತು ದಾಟಿತು. ಪೆಟ್ಟಿಗೆ ಸುಮ್ಮನಿತ್ತು. ಕಾರಣವನ್ನೂ ಅವಳೇ ಹಿಡಿದಳು. ಪ್ರೋಗ್ರಾಂ ಟೈಮಿಗಾಗಿ ನಾಲ್ಕು ಬೈಟ್ ಜಾಗ ಇಟ್ಟಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಅಲ್ಲಿ ಎಂಟು ಬೈಟ್ ಬರೆಯುತ್ತಿತ್ತು. ಹೆಚ್ಚಿನ ನಾಲ್ಕು ಬೈಟ್, ಅಂದರೆ ಬರೀ ಸೊನ್ನೆಗಳು, ಪಕ್ಕದ ಜಾಗದ ಮೇಲೆ ಬೀಳುತ್ತಿದ್ದವು. ಪಕ್ಕದಲ್ಲಿದ್ದದ್ದು ಆ ಮೂವತ್ತು ಸೆಕೆಂಡು ಎಣಿಸುವ ಲೆಕ್ಕ. ಪ್ರತಿ ಸಲ ಟೈಮ್ ಓದಿದಾಗಲೂ ಎಣಿಕೆ ಮೊದಲಿಗೆ ಬರುತ್ತಿತ್ತು. ಪರದೆಯ ಮೇಲೆ ಗಡಿಯಾರ ಸರಿಯಾಗಿಯೇ ತೋರಿಸುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

“ಸಿಸ್‌ರೂಟ್ ಹಳೇದ್ರಿ ಕಾಕಾ. ನಾಳೆ ಅಲ್ಲಿ ಹೆಂಗ ಹೇಳೋದು?” ಎಂದು ಕೇಳಿದಳು.

“ನಾ ಹೇಳ್ತೀನಿ, ನೀ ಚಿಂತಿ ಮಾಡಬ್ಯಾಡ,” ಎಂದೆ.

ಮರುದಿನ ಕಾರ್ಖಾನೆಯ ಕಾನ್ಫರೆನ್ಸ್ ರೂಮಿನಲ್ಲಿ ಐದಾರು ಜನ ಕೂತಿದ್ದರು. ಮೂರ್ತಿ ಗಾರು ತಪ್ಪು ಎಲ್ಲಾಯಿತೆಂದು ವಿವರಿಸಿದರು. ಅಲ್ಲಿನ ಮೆಂಟೆನೆನ್ಸ್ ಮ್ಯಾನೇಜರ್ ಡೆಲಿವರಿ ಶೀಟನ್ನು ಮುಂದಿಟ್ಟುಕೊಂಡು ನನ್ನನ್ನೇ ಕೇಳಿದರು: “ಇದಿ ಎವರು ಚೇಸಾರಂಡಿ?” ಇದನ್ನು ಮಾಡಿದವರು ಯಾರು?

ಬಾಯಿ ತೆರೆದೆ. ‘ನಾನು’ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಆ ಕ್ಷಣ ನನಗೆ ಕಂಡದ್ದು ಬಾಗಿಲಿನ ಹಿತ್ತಾಳೆ ಬೋರ್ಡು. ಹದಿನೆಂಟು ವರ್ಷ ಕೆಲಸ ಮಾಡಿದ ಬಿ.ಇ. ಎಂಟು ದಿನ ಕಾಯಲಾರದೆ ಹಳೆಯ ಸಿಸ್‌ರೂಟ್ ತುರುಕಿದ ಎಂದು ಈ ಜನ ಆಡಿಕೊಳ್ಳುವುದು ಕಿವಿಗೆ ಬಿದ್ದಂತಾಯಿತು.

“ಬಿಲ್ಡ್ ಶೈಲಜ ಚೇಸಿಂದಿ ಸಾರ್,” ಎಂದೆ. ಬಿಲ್ಡ್ ಮಾಡಿದ್ದು ಶೈಲಜ.

ಕಾಗದದ ಮೇಲೆ ಅದು ಸುಳ್ಳಲ್ಲ. ಅಷ್ಟೇ ಅದರ ಬಲ.

ಶೈಲಜಳ ಮುಂದೆ ಲ್ಯಾಪ್‌ಟಾಪ್ ತೆರೆದಿತ್ತು, ಅದರಲ್ಲಿ ಆ ಕಂಪೈಲರಿನ ಪ್ರತಿಯೂ ಇತ್ತು. ಕಂಪೈಲರಿಗೆ ಒಂದು ಗುಣವಿದೆ: ತನ್ನನ್ನು ಏನೇನು ಹೇಳಿ ಕಟ್ಟಿದರು ಎಂಬ ಸಾಲನ್ನು ಅದು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಒಂದು ಚಿಕ್ಕ ಕಮಾಂಡ್ ಕೊಟ್ಟರೆ ಸಾಲು ಪೂರ್ತಿ ಪರದೆಯ ಮೇಲೆ ಬರುತ್ತದೆ. ಯಾವ ಟಾರ್ಗೆಟ್, ಯಾವ ಸಿಸ್‌ರೂಟ್, ಆ ಸಿಸ್‌ರೂಟ್ ಯಾರ ಫೋಲ್ಡರಿನಲ್ಲಿತ್ತು, ಎಲ್ಲ. ಆ ಫೋಲ್ಡರಿನ ಹೆಸರು ಹನುಮಂತಪ್ಪ. ಇದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅವಳ ಬೆರಳುಗಳು ಕೀಬೋರ್ಡಿನ ಮೇಲೆ ಹೋದವು. ನನ್ನ ಮುಖ ನೋಡಿದಳು. ನಾನು ಮುಂದಿದ್ದ ನೀರಿನ ಬಾಟಲಿ ನೋಡುತ್ತಿದ್ದೆ. ಬೆರಳು ತೆಗೆದು, ಲ್ಯಾಪ್‌ಟಾಪ್ ಮುಚ್ಚಿದಳು.

“ಅವುನು ಸಾರ್,” ಎಂದಳು. ಹೌದು ಎಂದು.

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಆರು ತಾಸು. ಎದುರುಬದುರು ಸೀಟು. ಮೂರ್ತಿ ಗಾರು ಹಿಂದೆ ಉಳಿದಿದ್ದರು. ಅವಳ ಕಾಂಟ್ರ್ಯಾಕ್ಟ್ ಆ ತಿಂಗಳಿಗೇ ಮುಗಿಯಿತೆಂದು ಸ್ಟೇಷನ್ನಿಗೆ ಹೊರಡುವ ಮುಂಚೆಯೇ ಹೇಳಿಬಿಟ್ಟಿದ್ದರು. ಅರ್ಧ ದಾರಿಯಲ್ಲಿ ಶೈಲಜ ಬುತ್ತಿ ಬಿಚ್ಚಿದಳು. ಶಿವಪ್ಪನವರು ಇಬ್ಬರಿಗಾಗುವಷ್ಟು ಕಟ್ಟಿ ಕಳಿಸಿದ್ದರು: ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಎರಡು ಪಾಲು ಮಾಡಿ ನನ್ನದನ್ನು ನನ್ನ ಮುಂದಿಟ್ಟಳು. ನಾನು ತಿಂದೆ. ತಿಂದೆ ಎಂಬುದನ್ನು ಬರೆಯದೆ ಬಿಟ್ಟರೆ ಇದರಲ್ಲಿ ಬರೆದ ಬೇರೆ ಯಾವುದಕ್ಕೂ ಬೆಲೆಯಿಲ್ಲ.

ಮುಂದಿನ ಭಾನುವಾರ ಶಿವಪ್ಪನವರು ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಕೈ ಮುಗಿದರು.

“ನನ್ನ ಮಗಳಿಂದ ನಿಮ್ಮ ಹೆಸರಿಗೆ ಕಪ್ಪು ಬಂತ್ರಿ ಸರ. ನಾಕು ಮಂದ್ಯಾಗ ನೀವು ತಲಿ ತಗ್ಗಿಸೂ ಹಂಗಾತು. ಹೊಟ್ಟ್ಯಾಗ ಹಾಕ್ಕೋರಿ.”

“ಹಂಗೇನಿಲ್ರಿ...” ಎಂದೆ.

“ನೀವು ದೊಡ್ಡವರು, ಹಂಗಂತೀರಿ. ಇಕಿ ನೋಡಿದ್ರ ಬಾಯಿ ಬಿಡವಲ್ಲಳು. ‘ತಪ್ಪಾತಪ್ಪ’ ಅಂತಾಳ, ಅಷ್ಟ.”

ಅವರು ಮೆಟ್ಟಿಲಿಳಿದು ಹೋಗುವ ತನಕ ನಾನು ಬಾಗಿಲು ಹಿಡಿದು ನಿಂತಿದ್ದೆ. ಕೂಗಿ ನಿಲ್ಲಿಸಬಹುದಿತ್ತು. ಕೂಗಲಿಲ್ಲ.

ಹೊಸ ಸಿಸ್‌ರೂಟ್ ಎಂದೋ ಬಂದಿತ್ತು, ನಾನು ತೆರೆದಿರಲಿಲ್ಲ. ಕಂಪೈಲರನ್ನು ಮತ್ತೆ ಕಟ್ಟಿ, ನೀರನ್ನು ನಿಧಾನ ಕಾಸಿ ನೋಡಿದೆ. ಎಂಬತ್ತು ದಾಟಿ ಮೂವತ್ತನೇ ಸೆಕೆಂಡಿಗೆ ಅಲಾರಂ ಹೊಡೆಯಿತು. ಆರು ವಾರ ಕಳೆದ ಮೇಲೆ, ತಪ್ಪು ನನ್ನದೆಂದು ಒಂದು ಪುಟ ಬರೆದು ಮೂರ್ತಿ ಗಾರು ಅವರ ಕೈಗೆ ಕೊಟ್ಟೆ. ಅವರು ಓದಿ, ಮಡಚಿ ಡ್ರಾಯರಿಗೆ ಹಾಕಿದರು. “ಅಯಿಪೋಯಿಂದಿ ಕದಂಡಿ ಹನುಮಂತಪ್ಪ ಗಾರೂ. ಮಳ್ಳೀ ಎಂದುಕು ಕೆಲಕಡಂ?” ಮುಗಿದುಹೋಯಿತಲ್ಲ, ಮತ್ತೆ ಯಾಕೆ ಕೆದಕುವುದು ಎಂದರು. ಆ ಮಾತಿನ ಹಿಂದೆ ಅಡಗಿಕೊಳ್ಳುವುದು ನನಗೆ ಅನುಕೂಲವೇ ಆಯಿತು.

ಎರಡು ವರ್ಷದ ನಂತರ, ನಾನು ನಿವೃತ್ತನಾದ ತಿಂಗಳು, ವಿಜಯವಾಡಕ್ಕೆ ಹೋದೆ. ಶೈಲಜ ಅಲ್ಲಿ ಒಂದು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದಳು. ಬಿಲ್ಡ್ ಕೆಲಸಕ್ಕೆ ಮತ್ತೆ ಯಾರೂ ಕರೆದಿರಲಿಲ್ಲ. ಈ ಊರುಗಳಲ್ಲಿ ಇಂಥ ಕಂಪನಿಗಳಿರುವುದೇ ಬೆರಳೆಣಿಕೆಯಷ್ಟು, ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ನನ್ನನ್ನು ನೋಡಿ ಎದ್ದು ನಿಂತಳು.

“ರಂಡಿ ಸಾರ್, ಕೂರ್ಚೋಂಡಿ,” ಎಂದಳು. ಬನ್ನಿ, ಕುಳಿತುಕೊಳ್ಳಿ. ಬಹಳ ಮರ್ಯಾದೆಯ ತೆಲುಗು. ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು.

ಬರೆದುಕೊಂಡು ಹೋಗಿದ್ದ ಮಾತುಗಳು ಯಾವುವೂ ಬರಲಿಲ್ಲ. “ಆವತ್ತು ಯಾಕ ಕಮಾಂಡ್ ಹೊಡೀಲಿಲ್ಲ?” ಎಂದು ಕೇಳಿದೆ. ನಾಚಿಕೆಗೆಟ್ಟ ಪ್ರಶ್ನೆ. ಅವಳನ್ನೇ ತಪ್ಪಿತಸ್ಥೆ ಮಾಡಿದಂತಿತ್ತು.

ಅವಳು ಉತ್ತರಿಸಿದ್ದು ಕನ್ನಡದಲ್ಲಿ, ತಡವರಿಸುತ್ತ. “ನೀವು ಹೇಳ್ತೀರಿ ಅಂತ ಕಾದ್ನಿರಿ. ‘ನಾ ಹೇಳ್ತೀನಿ’ ಅಂದಿದ್ರಲ್ಲ.”

“ಅಪ್ಪಗಾದ್ರೂ ನಿಜ ಹೇಳಬೇಕಿತ್ತು,” ಎಂದೆ.

“ಹೇಳಿದ್ರ ಅಪ್ಪ ನಂಬ್ತಿದ್ದಿಲ್ರಿ. ಮಗಳು ತಪ್ಪು ಮಾಡ್ಯಾಳ ಅಂದ್ರ ತಡಕೊಂಡಾನು. ನೀವು ಮಾಡೀರಿ ಅಂದ್ರ...” ಮಾತು ಅಲ್ಲಿಗೇ ಬಿಟ್ಟಳು. ಬೆಲ್ ಹೊಡೆಯಿತು. “ಹೇಳೋದಿದ್ರ ನೀವ ಹೇಳ್ರಿ. ನನ್ನ ಕಡೆ ಆಗಂಗಿಲ್ಲ. ಕ್ಲಾಸ್ ಉಂದಿ ಸಾರ್, ವಸ್ತಾನು,” ಕ್ಲಾಸಿದೆ, ಬರುತ್ತೇನೆ ಎಂದು ಹೊರಟಳು. ಕಾಕಾ ಎನ್ನಲಿಲ್ಲ.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಟಾರ್ಗೆಟ್ ಗೊತ್ತಿದೆ ಎಂದುಕೊಂಡು ಕಂಪೈಲರ್ ಕಟ್ಟಬೇಡಿ. ಅಲ್ಲಿನದನ್ನು ತರಿಸಿಕೊಂಡು, ಅಳೆದು ನೋಡಿ ಕಟ್ಟಿ. ಕಿರಿಯರು ನೀರನ್ನು ನಿಧಾನ ಕಾಸೋಣ ಎಂದರೆ ಕೂತು ಕಾಯಿರಿ. ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದ ಕೂಡಲೇ ನಿಮ್ಮ ಹೆಸರು ಹೇಳಿ. ಎರಡನೇ ಉಸಿರಿಗೆ ಬಿಟ್ಟರೆ ಬೇರೆಯವರ ಹೆಸರು ಬಾಯಿಗೆ ಬರುತ್ತದೆ. ನನಗೆ ಬಂತು. ಹಿತ್ತಾಳೆ ಬೋರ್ಡನ್ನು ನಾನು ತೆಗೆದಿದ್ದೇನೆ. ಆ ಕಂಪೈಲರನ್ನು ಮಾತ್ರ ಅಳಿಸಿಲ್ಲ. ಕೇಳಿದರೆ ಇವತ್ತಿಗೂ ಅದು ನನ್ನ ಹೆಸರನ್ನೇ ಹೇಳುತ್ತದೆ.

ವಿಜಯವಾಡದಿಂದ ಬಂದ ಮೇಲೆ ಎರಡು ಸಲ ಕ್ಯಾಂಟೀನಿಗೆ ಹೋಗಿ, ಶಿವಪ್ಪನವರ ಕೈಯಿಂದ ಚಹಾ ಕುಡಿದು, ಹೇಳಲಾರದೆ ಎದ್ದು ಬಂದಿದ್ದೇನೆ. ಗಾಜುವಾಕದಲ್ಲಿ ಕನ್ನಡ ಓದುವವರೆಂದು ನನಗೆ ಗೊತ್ತಿರುವುದು ಅವರೊಬ್ಬರೇ. ಅದಕ್ಕೇ ಇದನ್ನು ಬರೆದೆ. ಅಚ್ಚಾದ ಪ್ರತಿಯನ್ನು ಈ ಸಲ ಕೌಂಟರಿನ ಮೇಲಿಟ್ಟು ಬರುವುದಿಲ್ಲ. ಕೈಗೆ ಕೊಟ್ಟು ಎದುರು ಕೂರುತ್ತೇನೆ. ಅವರು ನಿಧಾನ ಓದುವವರು. ಬೆರಳು ಈ ಕೊನೆಯ ಸಾಲಿಗೆ ಬರುವ ತನಕ ಏಳುವುದಿಲ್ಲ.

ಶಿವಪ್ಪನವರೇ, ನಿಮ್ಮ ಮಗಳು ತಪ್ಪು ಮಾಡಲಿಲ್ಲ.